ಕಲಾಪ್ರದರ್ಶನದಲ್ಲಿ ಪಂಚೇಂದ್ರಿಯಗಳು



ಚಿತ್ರಕಲೆಯನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದೆಂದರೆ ಕಣ್ಣಿನ ವ್ಯವಹಾರವನ್ನು ಕಿವಿಗೆ ಒಪ್ಪಿಸಿದಂತೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಚಿತ್ರವನ್ನು ನೋಡಬೇಕು, ಶಿಲ್ಪವನ್ನು ನೋಡಬೇಕು. ಅವುಗಳ ಬಗೆಗೆ ಕೇಳಿ ಪ್ರಯೋಜನವೇನು ಎಂಬ ಸಂದೇಹ ಸಹಜವಾದದ್ದೇ. ಆದರೆ ಇಂದು ನಾನು ಪ್ರಸ್ತಾಪಿಸಲಿರುವ ವಿಷಯ ಈ ಸಂದೇಹದ ಬುಡವನ್ನೇ ಅಲುಗಾಡಿಸುವಂಥದು. ಕಲೆಯನ್ನು ಕಣ್ಣೊಂದರಿಂದಲೇ ಗ್ರಹಿಸಬೇಕೆಂಬ ನಿಯಮ ಎಲ್ಲಿಂದ ಬಂತು? ಕಿವಿ, ಮೂಗು, ನಾಲಗೆ, ಚರ್ಮಗಳಿಗೆ ಕಲಾಶಾಲೆಯ ಬಾಗಿಲು ಮುಚ್ಚಿದ್ದು ಯಾವಾಗ? ಕೆಲವು ದಶಕಗಳಿಂದ ಆ ಬಾಗಿಲು ಮತ್ತೆ ತೆರೆದುಕೊಳ್ಳುತ್ತಿದೆಯಷ್ಟೆ. ಅದರಿಂದ ಒಳಗೆ ಬರುತ್ತಿರುವುದು ಕಲೆಯೋ, ಬರಿಯ ವಿನೋದವೋ? ಈ ಪ್ರಶ್ನೆಗಳನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸೋಣ.

ಮೊದಲು ನಮ್ಮ ಭಾಷೆಯ ಒಂದು ಸೊಗಸಿನ ಕಡೆಗೆ ಗಮನ ಸೆಳೆಯುತ್ತೇನೆ. ಕನ್ನಡದಲ್ಲಿ 'ನೋಡು' ಎಂಬ ಕ್ರಿಯಾಪದ ಕಣ್ಣಿಗೆ ಮಾತ್ರ ಮೀಸಲಾದುದಲ್ಲ. ಅಡುಗೆಮನೆಯಲ್ಲಿ ತಾಯಿ 'ರುಚಿ ನೋಡು' ಎನ್ನುತ್ತಾಳೆ. ಸಂತೆಯಲ್ಲಿ ಹಣ್ಣು ಮಾರುವವನು 'ಮೂಸಿ ನೋಡಿ' ಎನ್ನುತ್ತಾನೆ. ಬಟ್ಟೆಯಂಗಡಿಯಲ್ಲಿ 'ಮುಟ್ಟಿ ನೋಡಿ' ಎನ್ನುತ್ತಾರೆ. ಹಾಡಿನ ವಿಷಯದಲ್ಲಿ 'ಕೇಳಿ ನೋಡಿ' ಎನ್ನುತ್ತೇವೆ. ಇಲ್ಲೆಲ್ಲ ನೋಡುವುದೆಂದರೆ ಪರೀಕ್ಷಿಸುವುದು, ಅನುಭವಕ್ಕೆ ತಂದುಕೊಳ್ಳುವುದು ಎಂದರ್ಥ. ಕಂಪು, ಇಂಪು, ತಂಪು, ಕೆಂಪು ಎಂದು ನಾಲ್ಕು ಇಂದ್ರಿಯಗಳ ಸುಖವನ್ನು ಒಂದೇ ಪ್ರಾಸದಲ್ಲಿ ಪೋಣಿಸಿಕೊಂಡಿರುವ ನುಡಿ ನಮ್ಮದು. ಇಂಥ ನುಡಿಯನ್ನು ಆಡುವವರಿಗೆ, ಇಂದ್ರಿಯಗಳೆಲ್ಲವೂ ಸೇರಿ ಒಂದು ಕಲಾಕೃತಿಯನ್ನು ನೋಡಬಹುದು ಎಂಬ ವಿಚಾರ ತೀರ ಅಪರಿಚಿತವಾಗಿ ತೋರಬೇಕಾಗಿಲ್ಲ.

ಯೂರೋಪಿನಲ್ಲಿ ವಸ್ತುಸಂಗ್ರಹಾಲಯಗಳು ಆರಂಭವಾದ ಕಾಲದಲ್ಲಿಯೂ ಕೈಗೆ ಅಷ್ಟು ಬಿಗಿಯಾದ ನಿಷೇಧವಿರಲಿಲ್ಲ. ಆಕ್ಸ್‌ಫರ್ಡಿನ ಆಶ್‌ಮೋಲಿಯನ್ ಸಂಗ್ರಹಾಲಯ ಸಾರ್ವಜನಿಕರಿಗೆ ತೆರೆದದ್ದು ೧೬೮೩ರಲ್ಲಿ. ೧೭೧೦ರಲ್ಲಿ ಅಲ್ಲಿಗೆ ಹೋಗಿದ್ದ ಊಫೆನ್‌ಬಾಖ್ ಎಂಬ ಜರ್ಮನ್ ಪ್ರವಾಸಿ, ಬಂದವರೆಲ್ಲ ಅತ್ತಿತ್ತ ಓಡಾಡುತ್ತ ಕಂಡ ಕಂಡ ವಸ್ತುಗಳಿಗೆ ಕೈ ಹಾಕುತ್ತಾರೆಂದು ಬೇಸರಪಟ್ಟುಕೊಂಡು ಬರೆದಿದ್ದಾನೆ. ವಸ್ತುವನ್ನು ಎತ್ತಿ, ಅದರ ತೂಕವನ್ನು ಅಂದಾಜು ಮಾಡಿ, ಮೈಯನ್ನು ಸವರಿ ತಿಳಿಯುವುದು ಆ ಕಾಲಕ್ಕೆ ಅರಿವಿನ ಒಂದು ಮಾರ್ಗವೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಂದಣಿ ಹೆಚ್ಚಿದಂತೆ ಗಾಜಿನ ಪೆಟ್ಟಿಗೆ ಬಂತು, ಹಗ್ಗದ ಬೇಲಿ ಬಂತು, 'ಮುಟ್ಟಬೇಡಿ' ಎಂಬ ಫಲಕ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಬಿಳಿಯ ಗೋಡೆ, ಸಮನಾದ ಬೆಳಕು, ಪಿಸುಮಾತಿನ ಮೌನ ಇವು ಆಧುನಿಕ ಕಲಾಶಾಲೆಯ ಲಕ್ಷಣಗಳೆಂದು ನೆಲೆಗೊಂಡುವು.

ಈ ನಿಷೇಧಗಳಿಗೆ ಕಾರಣವಿಲ್ಲದೆ ಇಲ್ಲ. ಬೆರಳ ತುದಿಯ ಬೆವರಿನಲ್ಲಿರುವ ಉಪ್ಪು ಮತ್ತು ಎಣ್ಣೆಯ ಅಂಶ ಲೋಹವನ್ನು ಕಿಲುಬಿಸುತ್ತದೆ, ಕಲ್ಲನ್ನು ಮಾಸಿಸುತ್ತದೆ. ತಿನಿಸು ಬಂದಲ್ಲಿ ಹುಳು ಬರುತ್ತದೆ. ಕಾಗದ ಮತ್ತು ಬಟ್ಟೆಯ ಮೇಲಿನ ಕೃತಿಗಳು ಬೆಳಕಿಗೂ ಅಂಜುತ್ತವೆ. ಅವುಗಳ ಮೇಲೆ ಸುಮಾರು ೫೦ ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ಸಂಗ್ರಹಾಲಯಗಳ ರೂಢಿ. ಪ್ರದರ್ಶನವನ್ನು ಯೋಜಿಸಿ ರೂಪಿಸುವ ವ್ಯಕ್ತಿಯನ್ನು ಕ್ಯುರೇಟರ್ ಎನ್ನುತ್ತಾರಷ್ಟೆ. ಆ ಶಬ್ದದ ಮೂಲದಲ್ಲಿರುವ ಲ್ಯಾಟಿನ್ ಪದಕ್ಕೆ ಆರೈಕೆ ಎಂದರ್ಥ. ಆರೈಕೆಯಾದರೋ ಎರಡು ಬಗೆ. ವಸ್ತು ಕೆಡದಂತೆ ಕಾಯುವುದು ಒಂದು. ಬಂದ ಮನುಷ್ಯ ಬರಿಗೈಯಲ್ಲಿ ಹಿಂದಿರುಗದಂತೆ ನೋಡಿಕೊಳ್ಳುವುದು ಇನ್ನೊಂದು. ನೂರೈವತ್ತು ವರ್ಷ ಮೊದಲನೆಯ ಆರೈಕೆಯೇ ಮೇಲುಗೈ ಪಡೆದಿತ್ತು. ಈಗ ಎರಡನೆಯದು ತನ್ನ ಪಾಲನ್ನು ಕೇಳುತ್ತಿದೆ. ಇಂದಿನ ನನ್ನ ಮಾತಿನ ತಿರುಳು ಇದೇ.

ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ಕಡೆಗೆ ಒಮ್ಮೆ ತಿರುಗಿ ನೋಡುವುದು ಅಪ್ರಸ್ತುತವಾಗದು. ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನು ಎಂಬುದನ್ನು ವಿವರಿಸಲು ಆರಿಸಿಕೊಂಡದ್ದು ಅಡುಗೆಯ ದೃಷ್ಟಾಂತವನ್ನು. ಹಲವು ವ್ಯಂಜನಗಳೂ ಸಂಬಾರಗಳೂ ಕೂಡಿ ಪಾಕವಾದಾಗ ಅವುಗಳಲ್ಲಿ ಯಾವ ಒಂದರದೂ ಅಲ್ಲದ ಒಂದು ಸ್ವಾದ ಹುಟ್ಟುತ್ತದೆ. ಭಾವಗಳು ಕೂಡಿ ರಸವಾಗುವುದೂ ಹಾಗೆಯೇ ಎಂಬುದು ಅವನ ವಿವರಣೆ. ಕಲಾನುಭವದ ಅತ್ಯುನ್ನತ ಸ್ಥಿತಿಗೆ ನಾಲಗೆಯಿಂದ ಹೆಸರು ಪಡೆದದ್ದು ಗಮನಾರ್ಹ. ಇನ್ನೂ ಗಮನಾರ್ಹವಾದದ್ದು ಎರಡನೆಯ ಅಧ್ಯಾಯ. ಅಲ್ಲಿ ನಾಟ್ಯಗೃಹದ ಅಳತೆಗಳನ್ನು ಹೇಳುತ್ತ, ಮನುಷ್ಯರಿಗೆ ತಕ್ಕದ್ದು ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಧ್ಯಮ ಗೃಹವೆಂದು ನಿರ್ಣಯಿಸುತ್ತಾನೆ. ಅದಕ್ಕಿಂತ ದೊಡ್ಡದಾದರೆ ನಟನ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣದೆ ಹೋಗುತ್ತದೆ. ಗುಹೆಯಂತೆ ಕಟ್ಟಬೇಕು, ಕಿಟಕಿಗಳು ಚಿಕ್ಕವಿರಬೇಕು, ಗಾಳಿ ನುಗ್ಗಬಾರದು. ಆಗ ದನಿಗೆ ಗಾಂಭೀರ್ಯ ಬರುತ್ತದೆ ಎಂದೂ ಹೇಳುತ್ತಾನೆ. ಇಂದಿನ ಪ್ರದರ್ಶನ ವಿನ್ಯಾಸಕಾರ ಎದುರಿಸುವ ಸಮಸ್ಯೆಯೂ ಇದೇ ಅಲ್ಲವೇ? ಇಂದ್ರಿಯದ ಮಿತಿಯೇ ಕಟ್ಟಡದ ಅಳತೆಯನ್ನು ನಿರ್ಧರಿಸಬೇಕು ಎಂಬ ತತ್ತ್ವ ಅಲ್ಲಿ ಸ್ಪಷ್ಟವಾಗಿದೆ. ಆದುದರಿಂದ ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಬೀಗುವುದು ನನ್ನ ಉದ್ದೇಶವಲ್ಲ; ಆ ಹೆಮ್ಮೆಯನ್ನು ಏಕೆ ಅಳತೆಯಲ್ಲಿಡಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಆಧುನಿಕ ಕಲೆಯಲ್ಲಿ ಕಣ್ಣಿನ ಏಕಾಧಿಪತ್ಯವನ್ನು ಪ್ರಶ್ನಿಸಿದ ಪ್ರಸಿದ್ಧ ಪ್ರದರ್ಶನವೊಂದು ನಡೆದದ್ದು ಪ್ಯಾರಿಸ್ಸಿನಲ್ಲಿ, ೧೯೩೮ರ ಜನವರಿಯಲ್ಲಿ. ಅದು ಅತಿವಾಸ್ತವವಾದಿಗಳ ಅಂತರರಾಷ್ಟ್ರೀಯ ಪ್ರದರ್ಶನ. ಅದರ ಮುಖ್ಯ ಕೋಣೆಯ ವಿನ್ಯಾಸವನ್ನು ವಹಿಸಿಕೊಂಡವನು ಮಾರ್ಸೆಲ್ ದ್ಯುಶಾಂ. ಅವನು ಮೇಲ್ಛಾವಣಿಯಿಂದ ಕಲ್ಲಿದ್ದಲಿನ ಚೀಲಗಳನ್ನು ತೂಗುಹಾಕಿಸಿದ; ೧೨೦೦ ಎಂದು ಲೆಕ್ಕ ಹೇಳುತ್ತಾರೆ. ಒಳಗೆ ತುಂಬಿದ್ದುದು ಹಗುರವಾದ ಕಾಗದವಾದರೂ ಕಲ್ಲಿದ್ದಲಿನ ಧೂಳು ಕೆಳಗೆ ನಿಂತವರ ಮೇಲೆ ಉದುರುತ್ತಿತ್ತು. ನೆಲದ ಮೇಲೆ ಒಣಗಿದ ಎಲೆಗಳು. ಕೋಣೆಯಲ್ಲಿ ಕತ್ತಲೆ, ಆರಂಭದ ದಿನ ಬಂದವರ ಕೈಗೆ ಒಂದೊಂದು ಟಾರ್ಚ್ ಕೊಟ್ಟಿದ್ದರು. ಮರೆಯಲ್ಲಿ ಎಲ್ಲೋ ಕಾಫಿಬೀಜ ಹುರಿಯುತ್ತಿದ್ದ ವಾಸನೆ. ಧ್ವನಿಮುದ್ರಿಕೆಯಿಂದ ಹೊಮ್ಮುತ್ತಿದ್ದ ಉನ್ಮತ್ತ ನಗು. ಶ್ರೀಮಂತರ ಬೀದಿಯ ಅಚ್ಚುಕಟ್ಟಾದ ಕಲಾಶಾಲೆಗೆ ಒಳ್ಳೆಯ ಉಡುಪು ಧರಿಸಿ ಬಂದವರು ಕತ್ತಲೆಯಲ್ಲಿ ತಡವರಿಸುತ್ತ, ಧೂಳು ಕೊಡವಿಕೊಳ್ಳುತ್ತ ಚಿತ್ರಗಳನ್ನು ಹುಡುಕಬೇಕಾಯಿತು. ನಾಲ್ಕು ವರ್ಷಗಳ ಬಳಿಕ, ೧೯೪೨ರಲ್ಲಿ, ನ್ಯೂಯಾರ್ಕಿನ ಇನ್ನೊಂದು ಪ್ರದರ್ಶನದಲ್ಲಿ ಅದೇ ದ್ಯುಶಾಂ ಇಡೀ ಸಭಾಂಗಣಕ್ಕೆ ದಾರದ ಬಲೆ ನೇಯ್ದು, ಆರಂಭದ ದಿನ ಅಲ್ಲಿ ಮಕ್ಕಳು ಚೆಂಡಾಡುವಂತೆ ಏರ್ಪಡಿಸಿದ್ದ.

ಇವು ಕುಚೋದ್ಯವೆಂದು ತಳ್ಳಿಹಾಕುವವರು ಆಗಲೂ ಇದ್ದರು. ಆದರೆ ಕಾಲವನ್ನು ನೆನೆಯಬೇಕು. ೧೯೩೮ ಯೂರೋಪಿಗೆ ನೆಮ್ಮದಿಯ ವರ್ಷವಾಗಿರಲಿಲ್ಲ. ಯುದ್ಧ ಬಾಗಿಲ ಬಳಿ ನಿಂತಿತ್ತು. ಬೆಳಕಿನಲ್ಲಿ ನಿಂತು, ಕೈಕಟ್ಟಿ, ದೂರದಿಂದ ಮೆಚ್ಚುವ ನೋಟಕ್ಕೆ ಆ ಕಾಲದ ಕಳವಳ ನಿಲುಕುವಂತಿರಲಿಲ್ಲ. ಮೈಯನ್ನೇ ಕತ್ತಲೆಯೊಳಗೆ ಇಳಿಸಿದಾಗ ಮಾತ್ರ ಅದು ತಿಳಿಯುತ್ತದೆಂದು ಆ ವಿನ್ಯಾಸ ಹೇಳುತ್ತಿತ್ತು. ಪ್ರದರ್ಶನವನ್ನು ಜೋಡಿಸುವ ಕ್ರಮವೇ ಒಂದು ಅರ್ಥವನ್ನು ನುಡಿಯಬಲ್ಲದು ಎಂಬುದು ಅಂದಿನಿಂದ ಕಲಾವಲಯಕ್ಕೆ ಮನದಟ್ಟಾಯಿತು.

ಈಗ ಈ ಕೆಲಸದ ಕಸುಬಿನ ಕಡೆಗೆ ಬರೋಣ. ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ಅದು ತನ್ನ ಚೌಕಟ್ಟಿನೊಳಗೆ ಇರುತ್ತದೆ. ಶಬ್ದ ಹಾಗಲ್ಲ, ಅದು ಪಕ್ಕದ ಕೋಣೆಗೂ ಹರಿಯುತ್ತದೆ. ವಾಸನೆ ಇನ್ನೂ ಹಟಮಾರಿ. ಅದು ಹರಿಯುವುದಲ್ಲದೆ ಬಟ್ಟೆಯಲ್ಲಿ, ಪರದೆಯಲ್ಲಿ, ಗೋಡೆಯಲ್ಲಿ ತಂಗುತ್ತದೆ. ಮೂಗಿಗಾದರೋ ಬೇಗ ಬೇಸರ. ಕೆಲವೇ ನಿಮಿಷಗಳಲ್ಲಿ ಅದು ಒಂದು ವಾಸನೆಗೆ ಒಗ್ಗಿಹೋಗಿ ಅದನ್ನು ಗುರುತಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಸಂಯೋಜಕನಾದವನು ನವಿರಾದ ವಾಸನೆಯನ್ನು ಮೊದಲು, ಗಾಢವಾದುದನ್ನು ಅನಂತರ ಇರಿಸಬೇಕು. ನಡುವೆ ಶುದ್ಧಗಾಳಿಯ ಬಿಡುವು ಕೊಡಬೇಕು. ಗಾಳಿ ಯಾವ ಬಾಗಿಲಿನಿಂದ ಯಾವ ಬಾಗಿಲಿಗೆ ಚಲಿಸುತ್ತದೆ ಎಂಬುದನ್ನು ವಾಸ್ತುಶಿಲ್ಪಿಯೊಡನೆ ಕುಳಿತು ಲೆಕ್ಕ ಹಾಕಬೇಕು. ಇತರ ಇಂದ್ರಿಯಗಳ ವಾರ್ತೆ ಮೆದುಳಿನಲ್ಲಿ ಥೆಲಮಸ್ ಎಂಬ ಕೇಂದ್ರದ ಮೂಲಕ ಸಾಗಿಬಂದರೆ, ವಾಸನೆಯ ವಾರ್ತೆ ನೆನಪು ಮತ್ತು ಭಾವಗಳ ಕೇಂದ್ರಗಳನ್ನು ನೇರವಾಗಿಯೇ ತಲುಪುತ್ತದೆ ಎಂದು ಶರೀರವಿಜ್ಞಾನ ಹೇಳುತ್ತದೆ. ಹಳೆಯ ಪೆಟ್ಟಿಗೆ ತೆರೆದೊಡನೆ ಐವತ್ತು ವರ್ಷಗಳ ಹಿಂದಿನ ಮನೆ ಎದುರಿಗೆ ಬಂದು ನಿಲ್ಲುವ ರಹಸ್ಯ ಇದೇ ಇರಬಹುದು. ಇಷ್ಟು ಪ್ರಬಲವಾದ ಸಾಧನವನ್ನು ಎಚ್ಚರದಿಂದ ಬಳಸಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಬ್ದವನ್ನು ವಿವೇಕದಿಂದ ಬಳಸಿದ ಒಂದು ಉದಾಹರಣೆ ಕೊಡುತ್ತೇನೆ. ಕೆನಡಾದ ಜ್ಯಾನೆಟ್ ಕಾರ್ಡಿಫ್ ಎಂಬಾಕೆ ೨೦೦೧ರಲ್ಲಿ ರಚಿಸಿದ ಕೃತಿಯಲ್ಲಿ ಕಣ್ಣಿಗೆ ಕಾಣುವುದು ೪೦ ಧ್ವನಿವರ್ಧಕಗಳು ಮಾತ್ರ. ಅವು ಕಿವಿಯ ಎತ್ತರದ ಕಂಬಗಳ ಮೇಲೆ ಅಂಡಾಕಾರದಲ್ಲಿ ನಿಂತಿವೆ. ಹದಿನಾರನೆಯ ಶತಮಾನದ ಥಾಮಸ್ ಟ್ಯಾಲಿಸ್ ನಲವತ್ತು ಕಂಠಗಳಿಗಾಗಿ ರಚಿಸಿದ ಪ್ರಾರ್ಥನಾಗೀತವನ್ನು ಸಾಲ್ಸ್‌ಬರಿ ಕೆಥೆಡ್ರಲ್ಲಿನ ಗಾಯಕವೃಂದ ಹಾಡಿದಾಗ ಒಂದೊಂದು ಕಂಠವನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಂಡು, ಒಂದೊಂದು ಧ್ವನಿವರ್ಧಕಕ್ಕೆ ಒಂದೊಂದು ಕಂಠವನ್ನು ಕೊಟ್ಟಿದ್ದಾಳೆ. ನಡುವೆ ನಿಂತರೆ ಇಡೀ ಮೇಳ. ಒಂದು ಕಂಬದ ಬಳಿಗೆ ಹೋದರೆ ಒಬ್ಬನೇ ಗಾಯಕನ ಉಸಿರು, ಕೆಮ್ಮು, ತಡೆದ ದನಿ. ಸಮಷ್ಟಿ ಮತ್ತು ವ್ಯಷ್ಟಿಯ ಸಂಬಂಧವನ್ನು ಕೇಳುಗ ತನ್ನ ಕಾಲಿನಿಂದ ನಡೆದು ಅರಿಯುತ್ತಾನೆ. ಸಭಾಂಗಣದ ಕುರ್ಚಿಯಲ್ಲಿ ಕುಳಿತವನಿಗೆ ಇದು ದೊರೆಯದು.

ವಾಸನೆಯ ಉದಾಹರಣೆಯೊಂದು. ೨೦೦೬ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಕಲಾಕೇಂದ್ರದಲ್ಲಿ ಇಂದ್ರಿಯಾನುಭವವನ್ನೇ ವಿಷಯವಾಗಿಟ್ಟುಕೊಂಡ ಒಂದು ಪ್ರದರ್ಶನ ನಡೆಯಿತು. ಅಲ್ಲಿ ನಾರ್ವೆ ಮೂಲದ ಸಿಸೆಲ್ ಟೋಲಾಸ್ ಒಂದು ಬರಿಯ ಗೋಡೆಯನ್ನು ತೋರಿಸಿದಳು. ತೀವ್ರವಾದ ಅಂಜಿಕೆಯ ಸ್ವಭಾವವುಳ್ಳ ಕೆಲವು ಪುರುಷರು ಹೆದರಿದಾಗ ಬಂದ ಬೆವರನ್ನು ಸಂಗ್ರಹಿಸಿ, ಅದರ ವಾಸನೆಯನ್ನು ರಾಸಾಯನಿಕವಾಗಿ ಪುನರ್ರಚಿಸಿ, ಸೂಕ್ಷ್ಮಕೋಶಗಳಲ್ಲಿ ತುಂಬಿ, ಗೋಡೆಯ ಬಣ್ಣದಲ್ಲಿ ಬೆರೆಸಿದ್ದಳು. ಗೋಡೆಯನ್ನು ಬೆರಳಿನಿಂದ ಉಜ್ಜಿದವರಿಗೆ ಮತ್ತೊಬ್ಬರ ಭಯದ ವಾಸನೆ ತಗಲುತ್ತಿತ್ತು. ಅಲ್ಲಿ ನೋಡಲು ಏನೂ ಇರಲಿಲ್ಲ. ಆದರೂ ಅಪರಿಚಿತನೊಬ್ಬನ ಅಂತರಂಗ ಅಷ್ಟು ಸಮೀಪಕ್ಕೆ ಬಂದಾಗ ಹಿಂದೆ ಸರಿಯಬೇಕೋ ನಿಲ್ಲಬೇಕೋ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬನೂ ಎದುರಿಸಬೇಕಾಗಿತ್ತು.

ಇನ್ನು ಹಳೆಯ ಚಿತ್ರಗಳಿಗೆ ಹೊಸ ಇಂದ್ರಿಯಗಳನ್ನು ಜೋಡಿಸುವ ಪ್ರಯತ್ನ. ೨೦೧೫ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಸಂಗ್ರಹಾಲಯದಲ್ಲಿ 'ಟೇಟ್ ಸೆನ್ಸೋರಿಯಂ' ಎಂಬ ಪ್ರದರ್ಶನ ನಡೆಯಿತು. ಇಪ್ಪತ್ತನೆಯ ಶತಮಾನದ ನಾಲ್ಕು ಚಿತ್ರಗಳನ್ನು ಆರಿಸಿಕೊಂಡು ಅವುಗಳಿಗೆ ಧ್ವನಿ, ವಾಸನೆ, ರುಚಿ, ಸ್ಪರ್ಶಗಳನ್ನು ಕೂಡಿಸಲಾಗಿತ್ತು. ಫ್ರಾನ್ಸಿಸ್ ಬೇಕನ್ ೧೯೪೫ರಲ್ಲಿ ಬರೆದ, ಹುಲ್ಲುಬಯಲಿನಲ್ಲಿ ಕುಳಿತ ಆಕೃತಿಯ ಚಿತ್ರದ ಮುಂದೆ ಬಂದವರಿಗೆ ಇದ್ದಿಲು, ಉಪ್ಪು, ಹೊಗೆಯ ವಾಸನೆಯ ಚಹಾ ಸೇರಿದ ಚಾಕೊಲೇಟನ್ನು ತಿನ್ನಲು ಕೊಡುತ್ತಿದ್ದರು. ಜಾನ್ ಲೇಥಮ್ ೧೯೬೧ರಲ್ಲಿ ರಚಿಸಿದ, ಬಿಳಿಯ ಹಿನ್ನೆಲೆಯ ಮೇಲೆ ದೊಡ್ಡ ಕಪ್ಪು ಚುಕ್ಕೆಯಿರುವ ಕೃತಿಯ ಎದುರು, ಕಿವಿಗೆ ಕೇಳಿಸದ ಧ್ವನಿತರಂಗಗಳು ಅಂಗೈಯ ಮೇಲೆ ಗಾಳಿಯಲ್ಲೇ ಒತ್ತಡದ ಚುಕ್ಕೆಗಳನ್ನು ಮೂಡಿಸುತ್ತಿದ್ದುವು. ನೋಡುಗರ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅವರ ಚರ್ಮದ ಸ್ಪಂದನವನ್ನೂ ಅಳೆಯುತ್ತಿದ್ದರು.

ಇದನ್ನು ಕೇಳಿದಾಗ ನನ್ನಂಥ ಹಳೆಯ ಮೇಷ್ಟರಿಗೆ ಒಂದು ಅನುಮಾನ ಬಾರದಿರದು. ಬೇಕನ್ನನ ಚಿತ್ರಕ್ಕೆ ಚಾಕೊಲೇಟು ಬೇಕಿತ್ತೇ? ಕಲಾವಿದ ಬಿಟ್ಟ ಮೌನವನ್ನು ನಾವು ಮಿಠಾಯಿಯಿಂದ ತುಂಬಬಹುದೇ? ಪಕ್ಷಪಾತವಿಲ್ಲದೆ ಹೇಳುವುದಾದರೆ ಎರಡು ಕಡೆಗೂ ನ್ಯಾಯವಿದೆ. ಕಾವ್ಯಕ್ಕೆ ವ್ಯಾಖ್ಯಾನ ಬರೆಯುವವನೂ ಕವಿ ಹೇಳದೆ ಉಳಿದುದನ್ನು ಹೇಳುತ್ತಾನೆ. ಒಳ್ಳೆಯ ವ್ಯಾಖ್ಯಾನ ಕಾವ್ಯವನ್ನು ಮರೆಮಾಡದೆ ಅದರ ಕಡೆಗೆ ಮರಳಿ ಕಳುಹಿಸುತ್ತದೆ. ಚಿತ್ರದೆದುರಿನ ವಾಸನೆಯೋ ರುಚಿಯೋ ಹೀಗೆ ವ್ಯಾಖ್ಯಾನದ ಕೆಲಸ ಮಾಡಿದರೆ ತಪ್ಪಿಲ್ಲ. ಮನೆಗೆ ಹಿಂದಿರುಗಿದವನಿಗೆ ಚಾಕೊಲೇಟು ನೆನಪಿದ್ದು ಚಿತ್ರ ಮರೆತುಹೋದರೆ ಆ ವ್ಯಾಖ್ಯಾನ ಸೋತಿತೆಂದೇ ಅರ್ಥ. ಇನ್ನೊಂದು ಬಗೆಯ ಪ್ರದರ್ಶನವೂ ಇತ್ತೀಚೆಗೆ ಊರೂರು ಸುತ್ತುತ್ತಿದೆ. ವ್ಯಾನ್ ಗೋನ ಚಿತ್ರಗಳನ್ನು ಯಂತ್ರದಿಂದ ಗೋಡೆ ನೆಲಗಳ ಮೇಲೆಲ್ಲ ಹರಿಸಿ, ಸಂಗೀತ ಕೂಡಿಸಿ, ಟಿಕೆಟ್ಟು ಇಟ್ಟು ತೋರಿಸುವ ಇಂಥ ಪ್ರದರ್ಶನಗಳು ೨೦೨೩ರ ವೇಳೆಗೆ ನಮ್ಮ ದೇಶದ ಮಹಾನಗರಗಳಿಗೂ ಬಂದಿದ್ದುವು. ಮಕ್ಕಳು ಅಲ್ಲಿ ನಲಿಯುತ್ತಾರೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಅಲ್ಲಿ ಚಿತ್ರ ಇಲ್ಲ, ಚಿತ್ರದ ನೆರಳಿದೆ. ಬಣ್ಣದ ದಪ್ಪವಿಲ್ಲ, ಕುಂಚದ ಗಾಯವಿಲ್ಲ. ಇಂದ್ರಿಯಗಳನ್ನು ಮುಳುಗಿಸುವುದು ಬೇರೆ, ಎಚ್ಚರಿಸುವುದು ಬೇರೆ.

ಎಚ್ಚರಿಸುವ ಕಲೆಗೆ ನಮ್ಮ ನೆರೆಯಲ್ಲೇ ನಿದರ್ಶನಗಳಿವೆ. ಕೊಚ್ಚಿ–ಮುಜಿರಿಸ್ ಬಿಯೆನಾಲೆ ಮೊದಲ ಸಲ ಆರಂಭವಾದದ್ದು ೨೦೧೨ರ ಡಿಸೆಂಬರ್ ೧೨ರಂದು. ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಅದರ ಸ್ಥಾಪಕರು. ಬಿಳಿಯ ಗೋಡೆಯ ಕಲಾಶಾಲೆಯನ್ನು ಹೊಸದಾಗಿ ಕಟ್ಟುವ ಗೋಜಿಗೆ ಹೋಗದೆ ಅವರು ಫೋರ್ಟ್ ಕೊಚ್ಚಿಯ ಹಳೆಯ ಉಗ್ರಾಣಗಳನ್ನೇ ಆರಿಸಿಕೊಂಡರು. ಮುಖ್ಯ ನೆಲೆಯಾದ ಆಸ್ಪಿನ್‌ವಾಲ್ ಹೌಸ್ ೧೮೬೭ರಲ್ಲಿ ಆರಂಭವಾದ ವ್ಯಾಪಾರದ ಮನೆ. ಮೆಣಸು, ಶುಂಠಿ, ಅರಿಸಿನ, ಕೊಬ್ಬರಿ ಎಣ್ಣೆ, ತೊಗಲು, ನಾರುಗಳು ಅಲ್ಲಿಂದ ಹಡಗೇರುತ್ತಿದ್ದುವು. ಇಂಥ ಕಟ್ಟಡದಲ್ಲಿ ಗೋಡೆಯೇ ಮಾತನಾಡುತ್ತದೆ, ಕಡಲ ಗಾಳಿ ಒಳಗೆ ಬರುತ್ತದೆ. ಆ ಮೊದಲ ಬಿಯೆನಾಲೆಯಲ್ಲಿ ಬ್ರೆಜಿಲ್ಲಿನ ಅರ್ನೆಸ್ಟೋ ನೆಟೋ ತೆಳುವಾದ ಬಟ್ಟೆಗಳಲ್ಲಿ ಸಂಬಾರಗಳನ್ನು ತುಂಬಿ ಹಳೆಯ ಕಟ್ಟಡವೊಂದರಲ್ಲಿ ಇಳಿಬಿಟ್ಟಿದ್ದ. ಕೊಚ್ಚಿಯಲ್ಲಿ ಸಂಬಾರದ ವಾಸನೆ ಅಲಂಕಾರವಲ್ಲ. ಪೋರ್ಚುಗೀಸರನ್ನೂ ಡಚ್ಚರನ್ನೂ ಇಂಗ್ಲಿಷರನ್ನೂ ಕಡಲಾಚೆಯಿಂದ ಎಳೆದುತಂದ ಇತಿಹಾಸದ ವಾಸನೆ ಅದು.

ಅದೇ ಆಸ್ಪಿನ್‌ವಾಲ್ ಹೌಸಿನ ಆವರಣದಲ್ಲಿ ಬೆಂಗಳೂರಿನಿಂದ ಹೋದ ಒಂದು ಕೃತಿಯೂ ಇತ್ತು. ಭದ್ರಾವತಿಯಲ್ಲಿ ೧೯೫೭ರಲ್ಲಿ ಹುಟ್ಟಿದ ಶೀಲಾ ಗೌಡ ಅವರು ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ ಸೇರಿ ರಚಿಸಿದ ಕೃತಿ ಅದು. ಬೆಂಗಳೂರಿನ ಹಳೆಯ ಮನೆಗಳು ಉರುಳಿ ಹೊಸವು ಏಳುವಾಗ, ಅಡುಗೆಮನೆಯ ಒರಳುಕಲ್ಲುಗಳಿಗೆ ಜಾಗವಿಲ್ಲದೆ ಅವು ಬೀದಿಯ ಬದಿಗೆ ಬಂದು ಬಿದ್ದುವು. ಮಿಕ್ಸಿ ಬಂದ ಮೇಲೆ ಒರಳು ಯಾರಿಗೆ ಬೇಕು? ಅಂಥ ಸುಮಾರು ೧೭೦ ಕಲ್ಲುಗಳನ್ನು ಅವರು ಕೊಚ್ಚಿಗೆ ಸಾಗಿಸಿ ಇರಿಸಿದರು. ಸಂಬಾರ ಹಡಗೇರುತ್ತಿದ್ದ ಸ್ಥಳಕ್ಕೆ, ಸಂಬಾರವನ್ನು ಅರೆದ ಕಲ್ಲುಗಳು ಬಂದು ನಿಂತುವು. ಅಲ್ಲಿ ಯಂತ್ರದಿಂದ ಹೊರಡಿಸಿದ ವಾಸನೆಯಾಗಲಿ ಧ್ವನಿಯಾಗಲಿ ಬೇಕಾಗಿರಲಿಲ್ಲ. ಸವೆದ ಗುಳಿಯನ್ನು ಕಂಡ ನಮ್ಮ ಕಡೆಯ ಯಾವ ಹೆಂಗಸಿಗೂ ಅದರ ಸದ್ದು ಕಿವಿಯಲ್ಲಿ ಮೊಳಗುತ್ತದೆ, ತೋಳಿನ ನೋವು ನೆನಪಾಗುತ್ತದೆ.

ಶೀಲಾ ಗೌಡರ ಕೃತಿಗಳ ಬಗೆಗೆ ಇನ್ನೆರಡು ಮಾತು ಹೇಳಬೇಕು. ತೊಂಬತ್ತರ ದಶಕದಲ್ಲಿ ಅವರು ಎಣ್ಣೆಬಣ್ಣವನ್ನು ಬಿಟ್ಟು ಸಗಣಿಯನ್ನು ಮಾಧ್ಯಮವಾಗಿ ಕೈಗೆತ್ತಿಕೊಂಡರು. ಅನಂತರ ಸೂಜಿಗಳಲ್ಲಿ ಪೋಣಿಸಿದ ದಾರಕ್ಕೆ ಕುಂಕುಮ ಬಳಿದರು. ೨೦೦೭ರಲ್ಲಿ ಜರ್ಮನಿಯ ಕಾಸೆಲ್ಲಿನಲ್ಲಿ ನಡೆದ ಹನ್ನೆರಡನೆಯ ಡಾಕ್ಯುಮೆಂಟಾದಲ್ಲಿ, ಅಗರಬತ್ತಿಯ ಕಣಕವನ್ನು ಜಾಲರಿಗಳ ಮೇಲೆ ಆಕಾರಗಳಾಗಿ ಹಾಸಿ ಉರಿಸಿ, ಉಳಿದ ಬೂದಿಯನ್ನು ಪ್ರದರ್ಶಿಸಿದರು. ೨೦೦೯ರ ವೆನಿಸ್ ಬಿಯೆನಾಲೆಯಲ್ಲಿ, ಮನುಷ್ಯರ ತಲೆಗೂದಲನ್ನು ಹೊಸೆದ ಹಗ್ಗದಿಂದ ಕಾರುಗಳ ಬಂಪರುಗಳನ್ನು ತೂಗುಹಾಕಿದರು. ಹರಕೆಗೆ ಮುಡಿ ಕೊಡುವುದು, ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕೂದಲ ಹುರಿ ಕಟ್ಟುವುದು ನಮಗೆ ಪರಿಚಿತವಾದ ಆಚರಣೆಗಳು. ಅಗರಬತ್ತಿಯ ಪರಿಮಳವನ್ನು ನಾವು ದೇವರಿಗೆ ಸಲ್ಲಿಸುತ್ತೇವೆ; ಅದನ್ನು ದಿನವಿಡೀ ಹೊಸೆದು ಕಪ್ಪಾದ ಅಂಗೈಗಳು ಯಾರವು ಎಂದು ಕೇಳುವುದು ಕಡಮೆ. ಸುವಾಸನೆ ತೀರಿದ ಮೇಲೆ ಉಳಿದ ಬೂದಿಯ ಮುಂದೆ ನಿಂತಾಗ ಈ ಪ್ರಶ್ನೆ ಏಳುತ್ತದೆ. ಇಂದ್ರಿಯದ ಅನುಭವ ವಿಚಾರಕ್ಕೆ ತಿರುಗುವ ಬಗೆ ಇದು.

ಕೊಚ್ಚಿಯ ಮೂರನೆಯ ಬಿಯೆನಾಲೆಯನ್ನು, ೨೦೧೬ರಲ್ಲಿ, ಸಂಯೋಜಿಸಿದವರು ಸುದರ್ಶನ ಶೆಟ್ಟಿ. ಅದರಲ್ಲಿ ಚಿಲಿ ದೇಶದ ಕವಿ ರೌಲ್ ಜುರೀಟಾ ಒಂದು ದೊಡ್ಡ ಉಗ್ರಾಣದೊಳಗೆ ಕಡಲ ನೀರನ್ನು ನಿಲ್ಲಿಸಿದ. ಸಿರಿಯಾದಿಂದ ಓಡಿಬರುತ್ತಿದ್ದ ಕುಟುಂಬವೊಂದರ ಪುಟ್ಟ ಬಾಲಕ ಆಲನ್ ಕುರ್ದಿಯ ಶವ ೨೦೧೫ರಲ್ಲಿ ಟರ್ಕಿಯ ಮರಳ ದಂಡೆಯಲ್ಲಿ ಬಿದ್ದಿದ್ದ ಛಾಯಾಚಿತ್ರವನ್ನು ಜಗತ್ತೆಲ್ಲ ಕಂಡಿತು. ಅದೇ ದೋಣಿಯಲ್ಲಿ ಮುಳುಗಿದ ಅವನ ಅಣ್ಣ ಗಾಲಿಪ್‌ನ ಚಿತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಆ ಕಾಣದ ಬಾಲಕನಿಗೆ ಜುರೀಟಾ ತನ್ನ ಕೃತಿಯನ್ನು ಅರ್ಪಿಸಿದ. ಗೋಡೆಯ ಮೇಲಿನ ಕವಿತೆಯನ್ನು ಓದಬೇಕಾದವರು ಪಾದರಕ್ಷೆ ಕಳಚಿ, ಬಟ್ಟೆ ಮಡಚಿ, ಮೊಣಕಾಲುದ್ದದ ನೀರಿನಲ್ಲಿ ನಡೆಯಬೇಕಾಗಿತ್ತು. ೧೯೭೩ರ ಸೈನಿಕ ಕ್ರಾಂತಿಯ ಕಾಲದಲ್ಲಿ ಜುರೀಟಾ ಸ್ವತಃ ಹಡಗೊಂದರಲ್ಲಿ ಸೆರೆಯಾಗಿದ್ದವನು ಎಂಬುದನ್ನು ಇಲ್ಲಿ ನೆನೆಯಬೇಕು. ಛಾಯಾಚಿತ್ರ ಕಣ್ಣಿಗೆ ಮಾತ್ರ ಹೇಳಿತ್ತು. ಕಣ್ಣು ಎರಡು ದಿನ ನೊಂದು ಮುಂದಿನ ಚಿತ್ರಕ್ಕೆ ಸರಿದಿತ್ತು. ನೀರು ಕಾಲಿಗೆ ಹೇಳಿತು. ಬಹು-ಇಂದ್ರಿಯ ಪ್ರದರ್ಶನವೊಂದು ತನ್ನನ್ನು ತಾನು ಸಮರ್ಥಿಸಿಕೊಳ್ಳಲು ಇದಕ್ಕಿಂತ ಹೆಚ್ಚಿನ ವಾದ ಬೇಕಾಗಿಲ್ಲ.

ಇಷ್ಟು ಹೊತ್ತು ಕಣ್ಣುಳ್ಳವರ ಮಾತಾಯಿತು. ಕಣ್ಣಿಲ್ಲದವರಿಗೆ ಈ ವಿಷಯ ರುಚಿಭೇದದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಇಟಲಿಯ ಅಂಕೋನಾ ನಗರದಲ್ಲಿ ಒಮೆರೊ ಎಂಬ ಸ್ಪರ್ಶ ಸಂಗ್ರಹಾಲಯವಿದೆ. ಅಂಧಕವಿ ಹೋಮರನ ಹೆಸರನ್ನು ಹೊತ್ತಿರುವ ಅದು ೧೯೯೩ರಲ್ಲಿ ಸ್ಥಾಪನೆಯಾಗಲು ಕಾರಣರಾದವರು ಆಲ್ಡೊ ಗ್ರಾಸಿನಿ ಮತ್ತು ಡಾನಿಯೆಲಾ ಬೊಟ್ಟೆಗೋನಿ ಎಂಬ, ಇಬ್ಬರೂ ಅಂಧರಾದ, ದಂಪತಿಗಳು. ಪ್ರಸಿದ್ಧ ಶಿಲ್ಪಗಳ ಪ್ರತಿಕೃತಿಗಳನ್ನೂ ಆಧುನಿಕ ಶಿಲ್ಪಿಗಳ ಮೂಲಕೃತಿಗಳನ್ನೂ ಅಲ್ಲಿ ಕೈಯಾರೆ ಮುಟ್ಟಿ ನೋಡಬಹುದು. ೧೯೯೯ರಲ್ಲಿ ಇಟಲಿಯ ಸರಕಾರ ಅದನ್ನು ರಾಷ್ಟ್ರದ ಸಂಗ್ರಹಾಲಯವೆಂದು ಮಾನ್ಯಮಾಡಿತು. ೨೦೧೫ರಲ್ಲಿ ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯ ತನ್ನಲ್ಲಿರುವ ಆರು ಚಿತ್ರಗಳ ಉಬ್ಬುಪ್ರತಿಗಳನ್ನು ಮಾಡಿಸಿ ಬೆರಳುಗಳಿಗೆ ಒಪ್ಪಿಸಿತು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಅದೇ ೨೦೧೫ರಲ್ಲಿ 'ಅನುಭವ' ಎಂಬ ಸ್ಪರ್ಶ ವಿಭಾಗವನ್ನು ತೆರೆಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ೨೦೨೩ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಗ್ರಹಣ ಸಂಗ್ರಹಾಲಯವೂ ಮುಟ್ಟಿ ತಿಳಿಯುವ ಕೃತಿಗಳಿಗೆ ಸ್ಥಾನ ಕೊಟ್ಟಿದೆ. ಮೂಲಕೃತಿಗೆ ಹಾನಿಯಿಲ್ಲದೆ ಮನುಷ್ಯನ ಆರೈಕೆಯೂ ಸಾಧ್ಯವೆಂಬುದಕ್ಕೆ ಇವು ಸಾಕ್ಷಿ.

ಮುಟ್ಟುವುದು ಎಂಬ ಮಾತು ಬಂದಾಗ ನಮ್ಮ ದೇಶದಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಹಿಂದೆ ನಮ್ಮ ಪರಂಪರೆಯ ಹೆಮ್ಮೆಯನ್ನು ಅಳತೆಯಲ್ಲಿಡಬೇಕೆಂದೆನಲ್ಲ, ಕಾರಣ ಇದು. ನಮ್ಮ ದೇವಾಲಯಗಳಲ್ಲಿ ಶಿಲ್ಪವಿತ್ತು, ಗಂಟೆಯ ನಾದವಿತ್ತು, ಧೂಪದ ಕಂಪಿತ್ತು, ತೀರ್ಥಪ್ರಸಾದಗಳ ರುಚಿಯಿತ್ತು, ಬರಿಗಾಲಿಗೆ ಕಲ್ಲಿನ ತಂಪಿತ್ತು. ಪಂಚೇಂದ್ರಿಯಗಳಿಗೂ ಏಕಕಾಲದಲ್ಲಿ ಒದಗುವ ಕಲೆ ಅದು, ಸಂದೇಹವಿಲ್ಲ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 'ಮುಟ್ಟಬೇಡ' ಎಂಬ ಫಲಕವನ್ನು ಯೂರೋಪು ವಸ್ತುಗಳ ಮುಂದೆ ನೆಟ್ಟಿತು. ನಾವು ಮನುಷ್ಯರ ಮುಂದೆ ನೆಟ್ಟಿದ್ದೆವು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಹದಿನೇಳನೆಯ ವಿಧಿಯಲ್ಲಿ ಅದನ್ನು ಕಿತ್ತುಹಾಕಿತು. ಮನಸ್ಸುಗಳಿಂದ ಅದು ಪೂರ್ತಿಯಾಗಿ ಕಿತ್ತುಬಂದಿದೆಯೆಂದು ಎದೆ ಮುಟ್ಟಿಕೊಂಡು ಹೇಳಬಲ್ಲೆವೇ? ಕನ್ನಡದಲ್ಲಿ 'ಮುಟ್ಟು' ಎಂಬ ಒಂದೇ ಧಾತುವಿನಿಂದ ಮನ ಮುಟ್ಟುವುದೂ ಆಗುತ್ತದೆ, ಸುದ್ದಿ ಮುಟ್ಟಿಸುವುದೂ ಆಗುತ್ತದೆ, ಮುಟ್ಟಿಸಿಕೊಳ್ಳದೆ ದೂರವಿಡುವುದೂ ಆಗುತ್ತದೆ. ಹೆಂಗಸನ್ನು ತಿಂಗಳಿಗೆ ಮೂರು ದಿನ ಹೊರಗೆ ಕೂರಿಸಿದ ಪದವೂ ಇದೇ. ಆದುದರಿಂದ ನಮ್ಮ ನಾ‌ಡಿನಲ್ಲಿ ಎಲ್ಲರ ಕೈಗಳೂ ಒಂದೇ ವಸ್ತುವನ್ನು ಮುಟ್ಟಬಹುದಾದ ಪ್ರದರ್ಶನವೊಂದು ಕಲೆಯ ಹೊಸತನವಷ್ಟೇ ಆಗಿ ಉಳಿಯದು. ಬೇರೆ ದೇಶಗಳಲ್ಲಿ ಅದಕ್ಕೆ ಇರದ ತೂಕ ಇಲ್ಲಿ ಇದೆ.

ಕೊನೆಯದಾಗಿ, ನಮ್ಮಲ್ಲಿ ಮಾಡಬಹುದಾದ ಕೆಲಸದ ಬಗೆಗೆ ಒಂದು ಸೂಚನೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ ಬೆಳೆಸಿದ ಜಾನಪದ ಲೋಕವಿದೆ. ಮೈಸೂರು ವಿಶ್ವವಿದ್ಯಾನಿಲಯ ಕೂಡಿಸಿದ ಜಾನಪದ ವಸ್ತುಗಳ ಸಂಗ್ರಹವಿದೆ. ಬೀಸುವ ಕಲ್ಲು, ಒನಕೆ, ಮೊರ, ಗುಡಾಣ, ಗಂಟೆ, ನೇಗಿಲು ಇಂಥವುಗಳಲ್ಲಿ ಒಂದಾದರೂ ಕೇವಲ ಕಣ್ಣಿಗೆಂದು ಹುಟ್ಟಿದ್ದಲ್ಲ. ಬೀಸುವ ಕಲ್ಲಿನೊಡನೆ ಬೀಸುವ ಪದ ಹುಟ್ಟಿತು. ಹಾಡಿನ ಲಯ ಕಲ್ಲಿನ ಸುತ್ತಿನಿಂದ ಬಂತು. ಹಾಡನ್ನು ಪುಸ್ತಕದಲ್ಲಿ ಅಚ್ಚುಹಾಕಿ, ಕಲ್ಲನ್ನು ಪೀಠದ ಮೇಲೆ ನಿಲ್ಲಿಸಿದರೆ ಒಂದೇ ಜೀವವನ್ನು ಸೀಳಿ ಎರಡು ಕಡೆ ಇಟ್ಟಂತಾಗುತ್ತದೆ. ನಾನು ಬಲ್ಲ ಸಾಹಿತ್ಯದ ಅಧ್ಯಾಪಕರೆಲ್ಲ ಈ ಹಾಡುಗಳ ಛಂದಸ್ಸನ್ನು ಕರಿಹಲಗೆಯ ಮೇಲೆ ಗುರುತು ಹಾಕಿ ಕಲಿಸಿದವರು. ತರಗತಿಯಲ್ಲಿ ಒಂದು ಬೀಸುಕಲ್ಲು ಇದ್ದು, ವಿದ್ಯಾರ್ಥಿಯೊಬ್ಬ ಸೇರು ರಾಗಿ ಬೀಸಿದ್ದರೆ, ಉಸಿರು ಎಲ್ಲಿ ನಿಲ್ಲುತ್ತದೆ, ಸಾಲು ಏಕೆ ಅಲ್ಲಿ ಮುರಿಯುತ್ತದೆ ಎಂಬುದನ್ನು ಅವನ ತೋಳೇ ಅವನಿಗೆ ಕಲಿಸುತ್ತಿತ್ತು.

ಇದಕ್ಕೆ ಲಂಡನ್ನಿನ ಯಂತ್ರಗಳು ಬೇಡ, ಕೋಟಿಗಟ್ಟಲೆ ಹಣವೂ ಬೇಡ. ಮೂಲವಸ್ತುವನ್ನು ಭದ್ರವಾಗಿಟ್ಟು, ಪಕ್ಕದಲ್ಲಿ ಬಳಸಲು ಬರುವ ಇನ್ನೊಂದು ಕಲ್ಲನ್ನಿಡಬಹುದು. ಹಾಡು ಬಲ್ಲ ಹಳ್ಳಿಯ ಹಿರಿಯಳೊಬ್ಬಳನ್ನು ಗೌರವಧನ ಕೊಟ್ಟು ಕರೆಸಿ ಕೂರಿಸಬಹುದು. ಹೊಸದಾಗಿ ಬೀಸಿದ ಹಿಟ್ಟಿನ ವಾಸನೆ ಯಾವ ಸೀಸೆಯಿಂದಲೂ ಬರಬೇಕಾಗಿಲ್ಲ. ಬೀಸಿದರೆ ತಾನೇ ಬರುತ್ತದೆ. ಕಣ್ಣಿಲ್ಲದ ಮಗು ಬಂದರೆ ಅದರ ಕೈಯನ್ನು ಗೂಟದ ಮೇಲಿರಿಸಿದರೆ ಸಾಕು. ಆ ಗೂಟವನ್ನು ಹಿಡಿದ ಕೈ ಯಾವ ಕೇರಿಯದೆಂದು ಅಲ್ಲಿ ಯಾರೂ ಕೇಳದಂತಾದರೆ, ಸಂಯೋಜಕನ ಆರೈಕೆ ವಸ್ತುವಿಗೂ ಮನುಷ್ಯನಿಗೂ ಸಮನಾಗಿ ಸಂದಿತೆಂದು ತಿಳಿಯಬಹುದು.